ಹೆಸರಿಲ್ಲದ ಎಲೆ

ಸುಳ್ಯದ ಬಸ್ ನಿಲ್ದಾಣದಲ್ಲಿ ರುಖಿಯಾ ಪುತ್ತೂರಿನ ಬಸ್ಸಿಗೆ ಕಾಯುತ್ತಿದ್ದಳು. ಬೇರೆಯವರ ಮಾತಿಗೆ ಕಿವಿಗೊಡುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಆದರೆ ಪಕ್ಕದಲ್ಲೇ ಕೂತ ಅಜ್ಜಿ, ಮೊಮ್ಮಗಳ ಜಗಳ ಕೇಳಿಸದಿರುವುದು ಹೇಗೆ?

"ಶಾಲೆಯ ಆ ಕಾಟಕಾಯಿ ನಾಟಕಕ್ಕೆ ನೀನು ಸೇರುದು ಬೇಡ ಮೋಕ್ಷಿತಾ. ಬೇಕಾದ್ರೆ ಬೇರೆ ನಾಟಕದಲ್ಲಿ ಮಂಗನ ಪಾರ್ಟು ಮಾಡು. ನಮ್ಮ ಮನೆಯ ಒಬ್ಬ ಕಳ್ಳ ಆ ಕಾಟಕಾಯಿಗೆ ಹೋಗಿಯೇ ನೇಣಿಗೇರಿದ್ದು."

"ಕಳ್ಳ ಅಲ್ಲ ಅಜ್ಜಿ! ಭತ್ತದಲ್ಲಿ ಕೊಡ್ತಿದ್ದ ಕಂದಾಯವನ್ನು ಕುಂಪಣಿಯವರು ದುಡ್ಡಲ್ಲೇ ಕೊಡಿ ಅಂದ್ರು. ಉಪ್ಪು, ಹೊಗೆಸೊಪ್ಪಿಗೂ ಅವರದ್ದೇ ಕಾನೂನು. ಅದಕ್ಕೇ ಜನ ದಂಗೆ ಎದ್ದದ್ದು, ಅದೇ ಕಾಟಕಾಯಿ."

"ಯಾರು ಹೇಳಿದ್ದು ನಿಂಗೆ?"

"ನಮ್ಮ ಟೀಚರ್. ಮಂಗಳೂರಿನವರೆಗೆ ಹೋಗಿ ಕುಂಪಣಿಯ ಬಾವುಟ ಇಳಿಸಿದ್ರಂತೆ."

"ಅಯ್ಯೋ ದೇವರೇ! ತೀರಿಹೋದ ಹಿರಿಯರನ್ನು ಹೆಸರು ಹಿಡಿದು ಕರೆದು ಬಡಿಸುವಾಗ ಅವರಿಗೆ ಮಾತ್ರ ನಾವು ಎಲೆಯೇ ಹಾಕ್ಲಿಲ್ವಲ್ಲ!"

ಕಳ್ಳ ಆಗಲೇ 'ಅವರು' ಆಗಿದ್ದನ್ನು ರುಖಿಯಾ ಗಮನಿಸಿದಳು.

"ಈ ಸಲ ಹಾಕುವ. ಅವರ ಹೆಸರೆಂತ?"

ಅಜ್ಜಿ ಬೆರಳು ಮಡಚಿ ಮನೆಯ ಹಿರಿಯರನ್ನು ಎಣಿಸಿದರು.

"ಹೆಸರು ಎತ್ತಬಾರ್ದು ಅಂತ ನಮ್ಮತ್ತೆ ಹೇಳ್ತಿದ್ರು. ಅವರಿಗೂ ಗೊತ್ತಿತ್ತೋ ಇಲ್ವೋ ಮಾರಾಯ್ತಿ!"

"ಹೆಸರಿಲ್ಲದೆ ಊಟಕ್ಕೆ ಕರೆಯುದು ಹೇಗೆ?"

ಅರಂತೋಡಿನ ಬಸ್ಸು ಬಂತು. ಮೆಟ್ಟಿಲು ಹತ್ತುವಾಗಲೂ ಅಜ್ಜಿ ಹೆಸರು ಹುಡುಕುತ್ತಲೇ ಇದ್ದರು: "ಕೂಸಪ್ಪ ಅಲ್ಲ, ಅದು ಮಾವನ ಹೆಸರು. ಬೆಳ್ಯಪ್ಪ? ಅಲ್ಲ. ತಿಮ್ಮಪ್ಪ? ಅಲ್ಲ..."