ಶೇಖರಣ್ಣನ ಅಭಿಪ್ರಾಯ ಬಾಕಿ

ಆ ಮೊಬೈಲ್ ಬಂದ್ ಮಾಡಿ ಮೊದಲು. ಬಂದ್ ಮಾಡಿ ಅಂದೆ! ಹೆಣ ಎದ್ದು ಬಂದು ಮನುಷ್ಯನ ಕುತ್ತಿಗೆ ಕಚ್ಚುವ ಶಬ್ದ ಕೇಳಿ ಹಲ್ಲು ಕಿಸಿಯುತ್ತೀರಲ್ಲ, ನಾಚಿಕೆ ಆಗುವುದಿಲ್ಲವಾ? "ಹಸನಾಕನಿಗೆ ಹೆದರಿಕೆ" ಅಂತ ನಗಬೇಡಿ. ಹೆದರಿಕೆ ಅಲ್ಲ ಇದು, ಸಿಟ್ಟು. ಯಾಕೆ ಸಿಟ್ಟು ಅಂತ ಕೇಳಿದರೆ ಹೇಳುತ್ತೇನೆ. ಲೈಟ್ ಬೇಕಾದರೆ ಆರಿಸಿ. ಏಸಿ ಮಾತ್ರ ನಿಲ್ಲಿಸಿ. ಬೆವರಿದರೆ ಬೆವರಲಿ. ಆ ಗುಂಯ್ ಶಬ್ದ ನನಗೆ ಈಗ ಆಗುವುದಿಲ್ಲ.

ಇದು ಅವರಿವರು ಹೇಳಿದ್ದಲ್ಲ. ನನ್ನ ಚಿಕ್ಕಪ್ಪನ ಮಗ ಇಮ್ತಿಯಾಜ್‌ಗೆ ಆದದ್ದು. ಹೋದ ವರ್ಷ ಬೇಸಿಗೆಯಲ್ಲಿ, ಜಿದ್ದಾದ ಆಚೆ ರಾಬಿಗ್‌ನಲ್ಲಿ. ಅವನು ಅಲ್ಲಿ ಪೈಪಿನ ಕೆಲಸದವನು. ಅವತ್ತು ಗುರುವಾರ, ಅವನಿಗೆ ಓವರ್‌ಟೈಮ್. ಬಸ್ಸು ಅವನೊಬ್ಬನನ್ನೇ ಹೆದ್ದಾರಿ ಬದಿಯಲ್ಲಿ ಇಳಿಸಿ ಹೋಯಿತು. ರಾತ್ರಿ ಹನ್ನೊಂದೂವರೆ. ಅಲ್ಲಿಂದ ಕ್ಯಾಂಪಿಗೆ ಕಾಲು ಗಂಟೆ ನಡಿಗೆ. ನಡುವೆ ಒಂದು ಹಳೆಯ ಬಾವಿ. ನಮ್ಮೂರಿನ ಹಾಗೆ ಕಟ್ಟೆ, ರಾಟೆ ಏನೂ ಇಲ್ಲ. ಬಾಯಿಗೆ ತಗಡು ಮುಚ್ಚಿ ನಾಲ್ಕು ಕಲ್ಲು ಹೇರಿದ್ದಾರೆ, ಅಷ್ಟೆ. ಸಮುದ್ರದ ಕಡೆಯಿಂದ ಗಾಳಿ ಬಂದರೆ ಆ ತಗಡು… ಟಿಣ್… ಟಿಣ್… ಅನ್ನುತ್ತದೆ.

ಇಮ್ತಿಯಾಜ್ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ. ಹದಿನೈದನೇ ಅಧ್ಯಾಯ ಆಗತಾನೇ ಬಂದಿತ್ತು.

ಯಾವುದರ ಅಧ್ಯಾಯ ಅಂತ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. 'ಏಳು ಸೂರ್ಯರ ನಾಡು' ಅಂತ ಒಂದು ಕೇಳುಪುಸ್ತಕದ ಸರಣಿ. ಮಂಗಳೂರಿನ ಕೆಲವು ಹುಡುಗರು ಓದಿ, ಶಬ್ದಗಿಬ್ದ ಸೇರಿಸಿ ಆ್ಯಪ್‌ನಲ್ಲಿ ಹಾಕುತ್ತಿದ್ದರು. ಆಕಾಶದಲ್ಲಿ ಹಡಗು, ಮಂತ್ರ ಗೊತ್ತಿರುವ ಕತ್ತಿವೀರರು, ಒಂದೊಂದು ಗ್ರಹಕ್ಕೆ ಒಬ್ಬ ರಾಜ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕು ಭಾಗ ಆದ ಮೇಲೆ ಇವರಿಗೆ ಬುದ್ಧಿ ಕೆಟ್ಟಿತು. ಐದನೇ ಭಾಗ 'ಬೂದಿಚಂದ್ರದ ಹೆಣಗಳು'. ಯಾವುದೋ ಚಂದ್ರನ ಮೇಲೆ ಗಣಿ, ಅಲ್ಲಿ ದುಡಿಯಲು ಹೋದವರು ಸಾಯುತ್ತಾರೆ. ಯಜಮಾನರು ಹೆಣಗಳನ್ನು ಶೀತದ ಕೋಣೆಯಲ್ಲಿ ಹಾಕಿ ಬೀಗ ಹಾಕುತ್ತಾರೆ. ಹೆಣಗಳು ಏಳುತ್ತವೆ. ಕಚ್ಚುತ್ತವೆ. ವಾರಕ್ಕೊಂದು ಅಧ್ಯಾಯ, ಗುರುವಾರ ರಾತ್ರಿ.

ನಾವು ಹತ್ತೊಂಬತ್ತು ಜನ ಕೇಳುಗರದ್ದು ಒಂದು ವಾಟ್ಸ್ಆ್ಯಪ್ ಗುಂಪು. ರಾಬಿಗ್‌ನವರು ಆರು, ಖಮೀಸ್ ಮುಶೈತ್‌ನವರು ಸುಮಾರು ಮಂದಿ, ಇಲ್ಲಿ ಬತ್ಹಾದ ನನ್ನ ಮೊಬೈಲ್ ಅಂಗಡಿಯಿಂದ ನಾನು. ಬ್ಯಾರಿ, ತುಳು, ಕೊಂಕಣಿ ಎಲ್ಲ ಮಾತಾಡುವವರೂ ಇದ್ದರು, ಹಾಗಾಗಿ ಅಭಿಪ್ರಾಯ ಕನ್ನಡದಲ್ಲೇ ಹೇಳಬೇಕು. ಬರೆಯಲು ಯಾರಿಗೆ ಪುರುಸೊತ್ತು? ವಾಯ್ಸ್ ಮೆಸೇಜ್. ಕೇಳಿದವನು ಶುಕ್ರವಾರ ಜುಮಾ ನಮಾಜಿನ ಒಳಗೆ ಅಭಿಪ್ರಾಯ ಹೇಳಲೇಬೇಕು, ಅದು ಕಟ್ಟುನಿಟ್ಟು. ಹೇಳದವನು ಕ್ಯಾಂಪಿನಲ್ಲಿ ಅವತ್ತಿನ ಬಿರಿಯಾನಿಯ ಪಾತ್ರೆ ತೊಳೆಯಬೇಕು. ನನ್ನಂಥ ದೂರದವನಾದರೆ ಎಲ್ಲರ ಬೈಗುಳ ತಿನ್ನಬೇಕು. ಯಾರದ್ದು ಬಾಕಿ ಅಂತ ಇಮ್ತಿಯಾಜ್ ವಾರವಾರ ಪಟ್ಟಿ ಹಾಕುತ್ತಿದ್ದ.

ಅಭಿಪ್ರಾಯ ಅಂದರೆ ಜಗಳ, ಇನ್ನೇನು. ಓದುವವನ ದನಿ ಮದುವೆ ಮನೆಯಲ್ಲಿ ಹೆಸರು ಕರೆದ ಹಾಗಿದೆ ಅಂತ ಒಬ್ಬ. ಆ ದನಿಯಿಂದಲೇ ಚಳಿ ಹುಟ್ಟುತ್ತದೆ ಅಂತ ಇನ್ನೊಬ್ಬ. ಅಗಿಯುವ ಶಬ್ದ ಅತಿಯಾಯಿತು, ಕಬ್ಬು ಜಗಿಯುತ್ತಾರಾ ಮನುಷ್ಯನನ್ನಾ ಅಂತ ಮತ್ತೊಬ್ಬ. ನಾನೋ, ಕತ್ತಿವೀರರ ಕತೆಗೆ ಹೆಣ ತಂದು ಹಾಕಿ ಸರಣಿಯನ್ನೇ ಹಾಳು ಮಾಡಿದರು ಅಂತ ಒಂದೊಂದು ಸಲ ಐದು ನಿಮಿಷ ಕೂಗುತ್ತಿದ್ದೆ. ಅಂಗಡಿಯಲ್ಲಿ ಗಿರಾಕಿ ನಿಂತಿದ್ದರೂ ಸರಿ.

ಇವರೆಲ್ಲರಿಗಿಂತ ಚೆನ್ನಾಗಿ ಮಾತಾಡುತ್ತಿದ್ದವನು ಶೇಖರಣ್ಣ. ಹೆಜಮಾಡಿಯವನು, ಇಮ್ತಿಯಾಜ್‌ನ ಕೋಣೆಯವನು. ಅವನ ಅಭಿಪ್ರಾಯ ಕೇಳಲೆಂದೇ ಕೆಲವರು ಕತೆ ಕೇಳುತ್ತಿದ್ದರು. ಊರಲ್ಲಿದ್ದ ಹೆಂಡತಿ ಅಮ್ಮಣ್ಣಿಗೂ ಅವನ ದನಿ ಕೇಳಬೇಕಂತೆ, ಅವಳನ್ನೂ ಗುಂಪಿಗೆ ಸೇರಿಸಿದ್ದ. ಅವಳು ಒಂದು ದಿನವೂ ಬಾಯಿ ಬಿಟ್ಟವಳಲ್ಲ.

ಒಂಬತ್ತನೇ ಅಧ್ಯಾಯ ಬಂದ ವಾರ ಶೇಖರಣ್ಣ "ಸ್ವಲ್ಪ ತಡೆಯಿರಿ, ಆಮೇಲೆ ಹೇಳುತ್ತೇನೆ" ಅಂದಿದ್ದ. ಬುಧವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಎದೆ ಹಿಡಿದುಕೊಂಡು ಕೂತ. ಅಷ್ಟೇ. ನಲವತ್ನಾಲ್ಕು ವರ್ಷ.

ನಮ್ಮಲ್ಲಿ ಮಯ್ಯತ್ತನ್ನು ಆದಷ್ಟು ಬೇಗ ಮಣ್ಣಿಗೆ ಕೊಡುತ್ತೇವೆ. ಅವರಲ್ಲಿ ಬೆಂಕಿಗೆ ಕೊಡುತ್ತಾರೆ. ತಿಂಗಳುಗಟ್ಟಲೆ ಶವಾಗಾರದ ಖಾನೆಯಲ್ಲಿ ತಳ್ಳಿ ಇಡಿ ಅಂತ ಯಾವ ಧರ್ಮ ಹೇಳಿದೆ? ಹೇಳಿ! ಆದರೆ ಶೇಖರಣ್ಣ ಅಲ್ಲೇ ಬಿದ್ದಿದ್ದ. ಮನೆಯವರು ಛಾಪಾ ಕಾಗದದಲ್ಲಿ ಒಪ್ಪಿಗೆ ಪತ್ರ ಬರೆದು ಕಳಿಸಬೇಕು, ಅದು ಬಾರದೆ ಹೆಣ ಅಲ್ಲಾಡುವುದಿಲ್ಲ. ಕ್ಯಾಂಪ್ ಆಫೀಸಿನಲ್ಲಿ ಕಾಗದಪತ್ರ ನೋಡುವವನು ಅಖಿಲೇಶ್ ಅಂತ, ನಮ್ಮ ಉಡುಪಿ ಕಡೆಯವನೇ. ಅಮ್ಮಣ್ಣಿಗೆ ಒಂದು ಸಲ ಫೋನ್ ಮಾಡಿ ಹೇಳಿದ, ಪತ್ರವನ್ನು ಇಮ್ತಿಯಾಜ್‌ಗೆ ಕಳಿಸಿ ಅಂದ, ಮುಗಿಯಿತು ಅವನ ಕೆಲಸ. ಆಮೇಲೆ ಇಮ್ತಿಯಾಜ್ ಹೋಗಿ ಕೇಳಿದಾಗಲೆಲ್ಲ ಒಂದೇ ಮಾತು. "ಪತ್ರ ಬರ್ಲಿಲ್ಲ. ನಾನೆಂತ ಮಾಡುದು?"

ಒಂದು ವಾರ, ಎರಡು ವಾರ… ಐದು ವಾರ. ಖಮೀಸ್‌ನ ಒಬ್ಬ ಬಾಯಿಬಡುಕ ನನಗೆ ಫೋನ್ ಮಾಡಿ "ಹೆಂಡತಿಗೆ ಬೇಡವೋ ಏನೋ" ಅಂದ. ಅವಳಿಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಯಾರು ಮಾಡಿದರು? ಅಳುವ ಹೆಂಗಸಿಗೆ ಏನು ಹೇಳುವುದು ಅಂತ ಇಮ್ತಿಯಾಜ್‌ಗೆ ಸಂಕೋಚ. ನನಗೂ. ಹೆಣದ ಕತೆಗೆ ಮಾತ್ರ ಗಂಟೆಗಟ್ಟಲೆ ಬಾಯಿ ಇತ್ತು ನಮಗೆ. ಇನ್ನೊಂದು ಹೇಳುತ್ತೇನೆ, ಉಗಿಯಬೇಕೆನಿಸಿದರೆ ಉಗಿಯಿರಿ. ಇಮ್ತಿಯಾಜ್ ಹಳೆಯ ಪಟ್ಟಿಗೇ ಹೊಸ ಹೆಸರು ಸೇರಿಸಿ ಹಾಕುತ್ತಿದ್ದ. ಹಾಗಾಗಿ ಪ್ರತಿ ಶುಕ್ರವಾರ ಅದರ ತಲೆಯಲ್ಲಿ ಅದೇ ಸಾಲು. 'ಶೇಖರ, ಒಂಬತ್ತನೇ ಅಧ್ಯಾಯ, ಬಾಕಿ.' ಒಬ್ಬನೂ ತೆಗೆಯಲಿಲ್ಲ.

ಈಗ ಬಾವಿಯ ಹತ್ತಿರ ಬನ್ನಿ.

ಇಮ್ತಿಯಾಜ್ ನಡೆಯುತ್ತಿದ್ದಾನೆ. ಕಿವಿಯಲ್ಲಿ ಹದಿನೈದನೇ ಅಧ್ಯಾಯ. ಹೆಣಗಳು ಶೀತದ ಕೋಣೆಯ ಬಾಗಿಲು ಬಡಿಯುತ್ತಿವೆ. ದಬ್… ದಬ್… ದಬ್. ಇನ್ನೊಂದು ಕಿವಿಯಲ್ಲಿ ಬಾವಿಯ ತಗಡು. ಟಿಣ್… ಟಿಣ್… ಆಮೇಲೆ ತಗಡು ನಿಂತಿತು. ಗಾಳಿ ಇದೆ, ಅಂಗಿ ಹಾರುತ್ತಿದೆ. ತಗಡಿಗೆ ಮಾತ್ರ ಸದ್ದಿಲ್ಲ.

ಮೊಬೈಲ್ ನಡುಗಿತು. ಕತೆ ತಾನಾಗಿಯೇ ನಿಂತಿತು.

ಗುಂಪಿಗೆ ವಾಯ್ಸ್ ಮೆಸೇಜ್ ಬಂದಿತ್ತು. ನಲವತ್ತೊಂದು ಸೆಕೆಂಡ್. ಕಳಿಸಿದವನ ಹೆಸರು… ಶೇಖರಣ್ಣ.

ಯಾರೋ ಅವನ ಮೊಬೈಲ್ ಹಿಡಿದು ಆಟ ಆಡುತ್ತಿದ್ದಾರೆ ಅಂತ ಇವನಿಗೆ ಪಿತ್ತ ನೆತ್ತಿಗೇರಿತು. ಬೈಯಲೆಂದೇ ಒತ್ತಿದ.

ಮೊದಲು ಬರೀ ಒಂದು ಯಂತ್ರದ ಸದ್ದು. ಗ್ರೂಂ… ಅಂತ, ಎಡೆಬಿಡದೆ. ನಡುನಡುವೆ ನೀರು ತೊಟ್ಟಿಕ್ಕುವುದು. ಟಪ್… ಟಪ್… ಆಮೇಲೆ ಹಲ್ಲಿಗೆ ಹಲ್ಲು ತಾಗುವುದು. ಟಕಟಕಟಕ… ಟಕಟಕ… ಅದರ ಒಳಗಿಂದ ಪಿಸುದನಿ.

"ಇಮ್ತಿಯಾಜ್… ನನ್ನ ಅಭಿಪ್ರಾಯ ಬಾಕಿ ಉಂಟಲ್ಲ ಮಾರಾಯ…"

ಇವನು ನಿಂತು ಇಯರ್‌ಫೋನನ್ನು ಕಿವಿಗೆ ಒತ್ತಿಹಿಡಿದ.

"ಇದನ್ನು ಬರ್ದವನಿಗೆ ಎಂತದೂ ಗೊತ್ತಿಲ್ಲ… ಸತ್ತವರು ಕಚ್ಚುದಿಲ್ಲ. ಹಸಿವೆಯೇ ಇಲ್ಲ… ಚಳಿ. ಬರೀ ಚಳಿ ಮಾರಾಯ…"

ಟಪ್… ಟಪ್…

"ಅವರು ಬಾಗಿಲು ಬಡಿಯುದು ಕಚ್ಲಿಕ್ಕಲ್ಲ… ಮನೆಗೆ ಹೋಗ್ಲಿಕ್ಕೆ."

ಅಷ್ಟೇ. ಟಿಣ್ ಅಂತ ತಗಡು ಬಡಿಯಿತು. ಇವನು ಓಡಲಿಲ್ಲ, ಓಡಲು ಆಗಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು, ಆ ಮೆಸೇಜು ಸುಮ್ಮನೆ ಬಂದದ್ದಲ್ಲ, ಹಳೆಯ ಯಾವುದೋ ಮೆಸೇಜಿಗೆ ಉತ್ತರವಾಗಿ ಬಂದಿದೆ. ಅದರ ಮೇಲೆ ಬೆರಳಿಟ್ಟ. ಪರದೆ ಸರ್ರನೆ ಹಿಂದೆ ಹೋಯಿತು. ನಾಲ್ಕು ವಾರ ಹಿಂದೆ.

ಅಮ್ಮಣ್ಣಿಯ ಮೆಸೇಜು. ಒಂದು ಫೋಟೋ. ಛಾಪಾ ಕಾಗದ, ನೋಟರಿಯ ಮುದ್ರೆ, ಕೆಳಗೆ ಅವಳ ರುಜು.

ಒಪ್ಪಿಗೆ ಪತ್ರ.

ಅವಳು ಎಂಟನೇ ದಿನಕ್ಕೇ ಕಳಿಸಿದ್ದಳು! ಇಮ್ತಿಯಾಜ್ ಇರುವುದು ಅದೇ ಗುಂಪಿನಲ್ಲಿ, ಗಂಡನ ಸ್ನೇಹಿತರೆಲ್ಲ ಇರುವುದು ಅಲ್ಲಿ, ಅಲ್ಲಿಗೆ ಹಾಕಿದರೆ ಒಬ್ಬನಾದರೂ ನೋಡದೆ ಇರುತ್ತಾನಾ ಅಂತ. ಸಾವಿನ ವಾರ ನಾವು ಕತೆ ಕೇಳಿರಲಿಲ್ಲ, ಅಷ್ಟು ಮರ್ಯಾದೆ ಇತ್ತು. ಹಾಗಾಗಿ ಮುಂದಿನ ಗುರುವಾರ ಎರಡು ಅಧ್ಯಾಯ ಒಟ್ಟಿಗೆ ಕೇಳಿದೆವು. ಅವಳ ಪತ್ರ ಬಂದದ್ದು ಆ ರಾತ್ರಿ. ಅದರ ಮೇಲೆ ಬೆಳಗಾಗುವುದರೊಳಗೆ ಇನ್ನೂರ ಹದಿನಾಲ್ಕು ಅಭಿಪ್ರಾಯ. ದನಿ ಸರಿಯಿಲ್ಲ, ಅಗಿಯುವ ಶಬ್ದ ಜಾಸ್ತಿ, ಹೆಣ ಬಾಗಿಲು ಬಡಿಯುವುದು ಯಾಕೆ… ಒಬ್ಬ ಮನುಷ್ಯನ ಹೆಣದ ಮೇಲೆ ನಾವು ಮಾತು ಸುರಿದು ಮುಚ್ಚಿಬಿಟ್ಟೆವು.

ಇಮ್ತಿಯಾಜ್ ಕೋಣೆಗೆ ಹೋಗಲಿಲ್ಲ. ಸೀದಾ ಅಖಿಲೇಶ್‌ನ ಬಾಗಿಲು. ದಬ್ ದಬ್ ದಬ್. ಅವನು ಲುಂಗಿ ಕಟ್ಟಿಕೊಳ್ಳುತ್ತಾ ಬಂದ. ಇವನು ಅಂಗಿಯ ಕಾಲರ್ ಹಿಡಿದ.

"ಎಂತ ಮಾರಾಯ, ಈ ಹೊತ್ತಿಗೆ…"

"ಶೇಖರಣ್ಣನ ಮೊಬೈಲ್ ಎಲ್ಲುಂಟು?"

"ಆಫೀಸಲ್ಲಿ. ಡ್ರಾಯರಲ್ಲಿ. ಪಾಸ್‌ಪೋರ್ಟ್, ವಾಚ್, ಎಲ್ಲ ಒಟ್ಟಿಗೆ…"

"ಬಾ. ಈಗಲೇ ತೆಗಿ."

ಆಫೀಸಿಗೆ ಬೀಗ. ಒಳಗೆ ಏಸಿ ಬಂದ್. ಜುಲೈ ತಿಂಗಳು, ಬಾಗಿಲು ತೆಗೆದಾಗ ಬ್ರೆಡ್ಡಿನ ಭಟ್ಟಿ ತೆಗೆದ ಹಾಗೆ ಮುಖಕ್ಕೆ ಹೊಡೆಯಿತಂತೆ ಬಿಸಿ. ಅಖಿಲೇಶ್ ಡ್ರಾಯರ್ ಎಳೆದ. ಕರ್ರ್… ಪ್ಲಾಸ್ಟಿಕ್ ಲಕೋಟೆ, ಅಂಟುಪಟ್ಟಿ ಹಚ್ಚಿದ್ದು ಹಚ್ಚಿದ ಹಾಗೇ ಇತ್ತು. ಮೊಬೈಲ್ ಸತ್ತಿತ್ತು. ಎಷ್ಟು ಒತ್ತಿದರೂ ಹತ್ತಲಿಲ್ಲ. ಆದರೆ ಲಕೋಟೆಯ ಮೇಲೆಲ್ಲ ನೀರಿನ ಹನಿ. ಫ್ರಿಜ್ಜಿನಿಂದ ಆಗ ತೆಗೆದಿಟ್ಟ ಹಾಗೆ. ಅಖಿಲೇಶ್ ಮುಟ್ಟಿದವನು ಕೈ ಹಿಂದೆ ತೆಗೆದ.

"ತಣ್ಣಗುಂಟು…" ಅಂದ. ಭಾನುವಾರ ಬೆಳಿಗ್ಗೆ ನಮ್ಮ ದೇಶದ ಕಾನ್ಸುಲೇಟ್ ಕಚೇರಿ ತೆರೆಯುವ ಮೊದಲೇ ಪತ್ರ ಹಿಡಿದು ಜಿದ್ದಾದಲ್ಲಿ ನಿಂತಿದ್ದ. ಐದು ವಾರ ಆಗದ ಕೆಲಸ ಆರು ದಿನದಲ್ಲಿ ಆಯಿತು! ಪೆಟ್ಟಿಗೆಗೆ ಹಾಕುವ ದಿನ ಇಮ್ತಿಯಾಜ್ ಶವಾಗಾರಕ್ಕೆ ಹೋಗಿದ್ದ. ಓಣಿಯಲ್ಲಿ ಕಾಲಿಟ್ಟಾಗಲೇ ಕೇಳಿತಂತೆ. ಗ್ರೂಂ… ಟಪ್… ಟಪ್… ಅದೇ ಸದ್ದು, ಅದೇ ಅಂತರ. ಖಾನೆ ಎಳೆದವನಿಗೆ ಇವನು "ಒಂದು ಕಂಬಳಿ ಉಂಟಾ?" ಅಂತ ಹಿಂದಿಯಲ್ಲಿ ಕೇಳಿದನಂತೆ.

ನಲವತ್ಮೂರನೇ ದಿನ ಶೇಖರಣ್ಣ ಹೆಜಮಾಡಿಗೆ ತಲುಪಿದ. ಅಂತೂ ಬೆಂಕಿ ಸಿಕ್ಕಿತು. ಆ ವಾಯ್ಸ್ ಮೆಸೇಜು ಈಗಲೂ ಗುಂಪಿನಲ್ಲಿದೆ. ಒತ್ತಿದರೆ ಮಾತಿಲ್ಲ. ನಲವತ್ತೊಂದು ಸೆಕೆಂಡ್ ಗ್ರೂಂ ಅನ್ನುತ್ತದೆ, ಅಷ್ಟೆ. ಮಾತು ಕೇಳಿದವನು ಇಮ್ತಿಯಾಜ್ ಒಬ್ಬನೇ. ಅವನು ಕನಸು ಕಂಡ ಅಂತೀರಾ? ಆಯಿತು. ಅವನು ಕಂಡದ್ದು ಕನಸು ಅಂತಲೇ ಇಟ್ಟುಕೊಳ್ಳಿ. ನನ್ನದನ್ನು ಏನೆನ್ನುತ್ತೀರಿ ನೋಡೋಣ.

ಪತ್ರ ಹಾಕಿ ಎರಡು ದಿನ ಬಿಟ್ಟು ಅಮ್ಮಣ್ಣಿ ಗುಂಪಿನಲ್ಲಿ ಒಂದು ಸಾಲು ಬರೆದಿದ್ದಳು. 'ಪತ್ರ ಸಿಕ್ಕಿತಾ ಅಣ್ಣ?' ಆಮೇಲೆ ಮತ್ತೆ ಕೇಳಲೇ ಇಲ್ಲ. ಯಾಕೆ ಕೇಳಲಿಲ್ಲ ಅಂತ ಇಮ್ತಿಯಾಜ್ ಆ ಬಾವಿಯ ರಾತ್ರಿಯೇ ನೋಡಿದ್ದ, ಆದರೆ ನನಗೆ ಹೇಳಲು ಅವನಿಗೆ ಹತ್ತು ದಿನ ಬೇಕಾಯಿತು. ಆ ಸಾಲಿನ ಕೆಳಗೆ ಒಬ್ಬರು 'ಆಯಿತು' ಅನ್ನುವ ಹೆಬ್ಬೆರಳಿನ ಚಿತ್ರ ಒತ್ತಿದ್ದರು. ಅವಳು ಸಿಕ್ಕಿತು ಅಂದುಕೊಂಡಳು. ಅಣ್ಣಂದಿರು ಓಡಾಡುತ್ತಿದ್ದಾರೆ, ಪದೇ ಪದೇ ಕೇಳಿ ತೊಂದರೆ ಕೊಡಬಾರದು ಅಂತ ಸುಮ್ಮನೆ ಕೂತಳು.

"ಹಸನಾಕ, ಅದು ನೀವು" ಅಂದ ಇಮ್ತಿಯಾಜ್.

ನಾನೇ. ಗಿರಾಕಿಗೆ ಚಾರ್ಜರ್ ತೋರಿಸುತ್ತಾ, ಬಂದ ಮೆಸೇಜಿಗೆಲ್ಲ ಓದದೆ ಹೆಬ್ಬೆರಳು ಒತ್ತುವ ಚಟ ನನ್ನದು. ನಾಲ್ಕು ವಾರ ಶೇಖರಣ್ಣ ಚಳಿಯಲ್ಲಿ ನಡುಗಿದ್ದು ಈ ಬೆರಳಿನಿಂದ. ಗೊತ್ತಾದ ದಿನವೇ ಅದನ್ನು ತೆಗೆದೆ. ಅಳಿಸಿ ಹೋಯಿತು, ನಾನೇ ನೋಡಿದ್ದೇನೆ. ಮರುದಿನ ಮತ್ತೆ ಇತ್ತು. ಮತ್ತೆ ತೆಗೆದೆ. ಮೊಬೈಲ್ ಬದಲಾಯಿಸಿದೆ. ಒಂದು ವರ್ಷ ಆಯಿತು, ದಿನಾ ತೆಗೆಯುತ್ತೇನೆ. ಬೆಳಗಿನ ಸುಬಹಿ ನಮಾಜ್ ಮುಗಿದ ಕೂಡಲೇ ಅದೇ ನನ್ನ ಮೊದಲ ಕೆಲಸ.

ಹ್ಞೂಂ, ನಗಿ ಈಗ. ಯಾಕೆ ನಗುವುದಿಲ್ಲ? ಇಗೋ ನನ್ನ ಮೊಬೈಲ್. ಇವತ್ತು ಬೆಳಿಗ್ಗೆಯೂ ತೆಗೆದಿದ್ದೇನೆ, ಅಲ್ಲಾಹನಾಣೆ ಸತ್ಯ. ಅಮ್ಮಣ್ಣಿಯ ಆ ಸಾಲು ಹುಡುಕಿ, ಕೆಳಗೆ ಏನಿದೆ ನೋಡಿ. ಹಿಡಿಯುವಾಗ ಜಾಗ್ರತೆ… ಒದ್ದೆ ಉಂಟು.