ಹಗ್ಗ ಹಿಡಿದ ಕೈ

ಜತ್ತದ ಸೈಬರ್ ಕೆಫೆಯಲ್ಲಿ ಸರದಿಗೆ ಕಾದು ನಿಂತಿದ್ದೆ. ನನಗಿಂತ ಮುಂಚೆ ಕುರ್ಚಿ ಹಿಡಿದಿದ್ದವರು ಮಾಡಗ್ಯಾಳದ ಕುರಿಗಾರ ವಿಠೋಬ. ಪಕ್ಕದಲ್ಲಿ ಕೆಫೆ ನಡೆಸುವ ಮುಸರತ. ಕುರಿ ಸಾಕುವವರ ವೆಬ್‌ಸೈಟ್ ಮಾಡಿದವಳೂ ಅವಳೇ.

“ಕಾಕಾ, ಮೊದಲ ಈ ಪೇಜ್ ತೆರೀಲಾಕ ನಾಕು ಮಿನಿಟ್ ಹಿಡೀತಿತ್ತು. ಈಗ ಗಡಿಯಾರ ನೋಡೀನ್ರಿ, ಹನ್ನೊಂದ ಸೆಕೆಂಡ.”

“ಹೌದವಾ, ಭಾಳ ಲಗೂನ ಬಂತು.”

“ನಿಮ್ಮ ಟಗರಿನ ಫೋಟೊ ಜಡ ಇತ್ರಿ. ಸಣ್ಣದ ಮಾಡೀನಿ.”

“ಮೊದಲ ಕಿವಿ ಬರತಿತ್ತು, ಆಮ್ಯಾಲ ಡೊಂಕ ಮೂಗು, ಕಡೀಕ ಹಗ್ಗ. ಹಗ್ಗ ಹಿಡದ ಕೈ ಎಲ್ಲಿ ಹೋತು?”

“ಅದನ್ನ ಕತ್ತರಿಸೀನ್ರಿ, ಬರೇ ಟಗರು ಇರಲಿ ಅಂತ. ಯಾರದಿತ್ರಿ ಆ ಕೈ?”

“ನಮ್ಮ ಮನಿಯಾಕಿದು. ಆಕಿ ತೀರಿಕೊಂಡು ಎರಡ ವರ್ಷ ಆತು. ಬ್ಯಾರೆ ಫೋಟೊ ತಗಸಿಲ್ಲ. ಪ್ರತಿ ಸಂತಿಗೆ ಅದನ್ನ ನೋಡಲಾಕ ಬರತಿದ್ದೆ.”

ಮುಸರತ ಮೌಸ್ ಬಿಟ್ಟು ಅವರ ಕಡೆ ತಿರುಗಿದಳು.

“ಹಳೇ ಫೋಟೊ ಮನ್ಯಾಗಿನ ಫ್ಲಾಪಿಯೊಳಗ ಐತ್ರಿ ಕಾಕಾ. ಮುಂದಿನ ಸಂತಿಗೆ ಬರ್ರಿ, ಅದನ್ನ ಹಚ್ಚಿರತೀನಿ. ಆದ್ರ ಮತ್ತ ನಾಕು ಮಿನಿಟ್ ಹಿಡೀತೈತಿ.”

“ಹಿಡೀಲಿ ಬಿಡವಾ. ಕೈ ಬರೂತನಾ ಕುಂದ್ರತೀನಿ.”

ವಿಠೋಬ ತಲೆಯ ಪಟಕಾ ಸರಿ ಮಾಡಿಕೊಂಡು ಎದ್ದು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಹೊರಟರು.