ದಸ್ತಗೀರನ ಸೀಟು

ತಾಳಿಕೋಟೆಗೆ ಹೊರಟಿದ್ದ ನಮ್ಮ ಬಸ್ಸು ಡೋಣಿ ಸೇತುವೆಯ ಬಾಯಲ್ಲಿ ನಿಂತಿತ್ತು. ಜೋರು ಮಳೆ, ಸೇತುವೆಯ ಮೇಲೆ ಹೊಳೆ ಹರಿಯುತ್ತಿತ್ತು. ದಾಟಿಸಿಯೇ ಬಿಡುತ್ತೇನೆಂದು ಹೊರಟ ಡ್ರೈವರ್ ಬಾಬುಲಾಲ, ಹಿಂದಿನಿಂದ ಯಾರೋ ಎತ್ತು ನಿಲ್ಲಿಸುವ ಹಾಗೆ "ಹೋ... ಹೋ..." ಎಂದದ್ದೇ ಗಕ್ಕನೆ ಬ್ರೇಕು ಹಾಕಿದ್ದ. ಕೊನೆಯ ಸಾಲಿನಲ್ಲಿದ್ದವರು ಪರಪ್ಪಜ್ಜ ಒಬ್ಬರೇ. ನೌಕಾಪಡೆಯಲ್ಲಿ ತೋಪು ಹೊಡೆದು ನಿವೃತ್ತರಾದವರು. ಪಕ್ಕದ ಸೀಟಿಗೆ ಟವೆಲ್ಲು ಹಾಸಿ, ಕೇಳಿದವರನ್ನೆಲ್ಲ "ಮಂದಿ ಅದಾರ" ಎಂದು ಗದರಿದ್ದರು. ನೀರು ಇಳಿಯುವತನಕ ಕತೆ ಹೇಳಿರೆಂದು ಎಲ್ಲರೂ ಅವರ ಸುತ್ತ ಸೇರಿದೆವು.

"ದೆವ್ವದ್ದ ಬೇಕೇನು? ಹಂಗಾರ ನಡುವ ಬಾಯಿ ಹಾಕಬ್ಯಾಡ್ರಿ. ಎಪ್ಪತ್ತೆಂಟರ ಮಾತು. ನಮ್ಮ ಹಡಗಕ್ಕ ಹೊಸಾ ತೋಪು ಬಂದಿತ್ತು. ಕ್ಷಿಪಣಿ ಬರೂದನ್ನ ರಡಾರ್ ನೋಡತೈತಿ, ಲೆಕ್ಕಾ ಹಾಕತೈತಿ, ತೋಪು ತಾನ ತಿರಗತೈತಿ, ತಾನ ಹೊಡೀತೈತಿ... ಮನಶ್ಯಾನ ಕೈ ಬೇಕಾಗೇ ಇಲ್ಲ. ಮತ್ತ ನಾವ್ಯಾಕ್ರಿ ಅಲ್ಲಿ, ನೊಣಾ ಹೊಡ್ಯಾಕೇನು?

ನನ್ನ ಜೋಡಿ ಸಿಂದಗಿ ದಸ್ತಗೀರಸಾಬ ಇದ್ದ. ಒಂದ ತಾಟಿನ್ಯಾಗ ಉಂಡವರು ನಾವು. ಅವ ಆ ತೋಪಿಗೆ ತನ್ನ ಮನಿ ಎತ್ತಿನ ಹೆಸರ ಇಟ್ಟಿದ್ದ, ಕೆಂದ್ಯಾ ಅಂತ. ಎಣ್ಣಿ ಹಚ್ಚೂಮುಂದ ಮೈ ಸವರೂದೇನು, ತಿರಗಾಕತ್ರ 'ಹೋ ಕೆಂದ್ಯಾ, ಹೋ' ಅನ್ನೂದೇನು... ಸಾಹೇಬ್ರು ನಗತಿದ್ರು, ನಾನೂ ನಗತಿದ್ದೆ. ಆ ಮಳಿಗಾಲದಾಗ ಕಾಮಣಿ ಬ್ಯಾನಿ ಆಗಿ ಹೋಗಿಬಿಟ್ಟ. ಎಂಥಾ ಗೆಣೆಯಾ ಇದ್ನರಿ ಅವ...

ಮುಂದ ಒಂದು ಮುಂಜಾನಿ ತಾಲೀಮು. ವಿಮಾನ ಒಂದು ಸುಳ್ಳ ಗುರಿ ಎಳಕೊಂಡ ಬರೂದು, ಅದನ್ನ ಕ್ಷಿಪಣಿ ಅಂತ ತಿಳದು ತೋಪು ಹೊಡಿಯೂದು. ತೋಪಿಗೆ ಹೊಚ್ಚಿದ ತಾಡಪತ್ರಿ ಸಿಕ್ಕೊಂಡಿತ್ತು, ಬಿಡಸಾಕ ಓಡಿದೆ. ಒಳಗಿನವರಿಗೆ ಅದು ಗೊತ್ತಿಲ್ಲ, ಗುಂಡಿ ಒತ್ಯಾರ. ಕೆಂದ್ಯಾ ಗರ್ರನ ನನ್ನ ಕಡೇನ ತಿರಗಿತು... ಹಿಂದ ಕಬ್ಬಿಣದ ಗ್ವಾಡಿ, ಮುಂದ ತೋಪಿನ ನಳಗಿ, ನಡುವ ನಾ. ಎಲ್ಲಿಗಿ ಓಡ್ಲಿ? ಒದರಬೇಕಂದ್ರ ದನೀನ ಬರವಲ್ದು. ಆಗ ಕಿವಿ ಬಾಜೂಕನ... 'ಹೋ ಕೆಂದ್ಯಾ... ಹೋ...'

ತೋಪು ನಿಂತಬಿಟ್ಟಿತು. ನನ್ನ ಎದಿಗೂ ಅದಕ್ಕೂ ಒಂದು ಗೇಣ ಇಲ್ಲ. ಒಳಗ ಯಾರೂ ಬಂದ್ ಮಾಡಿರಲಿಲ್ಲ. ಬಿಚ್ಚಿ ನೋಡಿದ್ರ ಏನೂ ಕೆಟ್ಟಿರಲಿಲ್ಲ. ನಾ ಅಲ್ಲೇ ಕುಂತು ಅತ್ತೆ. ಅಂಜಿ ಅಲ್ಲರಿ, ಅವನ ದನಿ ಕೇಳಿ."

ಅಜ್ಜ ಕಣ್ಣೊರೆಸಿಕೊಂಡರು. ಬಾಬುಲಾಲ ಮೆಲ್ಲಗೆ ಅಂದ, "ಇವತ್ತ ನೀವೂ ಹಂಗ 'ಹೋ' ಅಂದ್ರಿ ಅಜ್ಜಾರ. ಇಲ್ಲಾಂದ್ರ ನಾವೆಲ್ಲಾ ಹೊಳಿ ಪಾಲಾಗ್ತಿದ್ವಿ."

"ನಾ ನಿದ್ದಿಗೆ ಹತ್ತಿದ್ನೆಪಾ. ನಿನ್ನ ಬ್ರೇಕಿಗೇ ಎಚ್ಚರಾತು."

ಅಜ್ಜ ಟವೆಲ್ಲಿನ ಅಂಚನ್ನು ಪ್ರೀತಿಯಿಂದ ಸರಿಮಾಡಿದರು. ಆಮೇಲೆ, ಆ ಖಾಲಿ ಸೀಟಿಗೆ ಒತ್ತಿ ನಿಂತಿದ್ದ ನನ್ನ ಕಡೆ ತಿರುಗಿದರು.

"ತುಸು ಸರದು ನಿಂದರ್ರಿ. ಆಗಿಂದ ಅವನ ಕಾಲ ತುಳ್ಯಾಕತ್ತೀರಿ."